ಸುಣ್ಣ, ಪಟಿಕ ಸುರಿದದ್ದು ಸಾಕು: ದಾವಣಗೆರೆ–ಚಿತ್ರದುರ್ಗದ ಕಾರ್ಖಾನೆ ನೀರಿನ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ:
ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾಧಿಕಾರಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗಳು,
ಎರಡೂ ಜಿಲ್ಲೆಗಳ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಮತ್ತು ಆಹಾರ ಉದ್ದಿಮೆಗಳ ಮಾಲೀಕರು

ಮಾನ್ಯರೇ,

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇವೆ. ಭತ್ತ ನೆನೆಸಿದ ನೀರು, ಡೇರಿ ತೊಳೆದ ನೀರು, ಪಿಷ್ಟ ಬೆರೆತ ನೀರು ಹೊರಬಿಡುವ ಕಾರ್ಖಾನೆಗಳಲ್ಲಿ ಸುಣ್ಣ–ಪಟಿಕ ಕಲಸುವ ಎರಡು ತೊಟ್ಟಿಗಳನ್ನು ತೋರಿಸಿದರೆ ಅದನ್ನು ಸಂಸ್ಕರಣಾ ಘಟಕವೆಂದು ಒಪ್ಪಿಕೊಳ್ಳುವುದನ್ನು ನಿಲ್ಲಿಸಿ. ಈ ನೀರನ್ನು ಬ್ಯಾಕ್ಟೀರಿಯಾಗಳಿಂದಲೇ ಶುದ್ಧಿ ಮಾಡಿಸಬೇಕು. ಆ ಘಟಕ ಕಟ್ಟಿದೆಯೋ ಇಲ್ಲವೋ ಎಂದಷ್ಟೇ ನೋಡದೆ, ಅದರೊಳಗಿನ ಜೀವಿಗಳು ಬದುಕಿವೆಯೋ ಇಲ್ಲವೋ ಎಂದು ತಪಾಸಣೆ ಮಾಡಬೇಕು.

ಪಟಿಕದ ಮೇಲೆ ನಮಗೆ ದ್ವೇಷವೇನೂ ಇಲ್ಲ. ನೀರಿನಲ್ಲಿ ತೇಲುವ ತೌಡು, ಮಣ್ಣು, ಸಣ್ಣ ಪಿಷ್ಟದ ಕಣಗಳನ್ನು ಅದು ಚೆನ್ನಾಗಿ ಕೂಡಿಸಿ ತಳಕ್ಕೆ ಇಳಿಸುತ್ತದೆ. ಆದರೆ ಭತ್ತದಿಂದ ನೀರಿಗೆ ಇಳಿಯುವುದರಲ್ಲಿ ಬಹುಪಾಲು ಕರಗಿದ ಸಕ್ಕರೆ, ಕರಗಿದ ಪಿಷ್ಟ, ಹುಳಿಯಾದ ಮೇಲೆ ಹುಟ್ಟುವ ಆಮ್ಲಗಳು. ಸಕ್ಕರೆ ಹಾಕಿದ ಚಹಾವನ್ನು ಎಷ್ಟು ಸಲ ಸೋಸಿದರೂ ಸಿಹಿ ಹೋಗುವುದಿಲ್ಲ, ಇಲ್ಲೂ ಹಾಗೆಯೇ. ಮೇಲೆ ತಿಳಿಯಾಗಿ ಕಾಣುವ ನೀರನ್ನು ಬಾಟಲಿಗೆ ತುಂಬಿ ಮುಚ್ಚಿ ಎರಡು ದಿನ ಇಟ್ಟು ಮುಚ್ಚಳ ತೆಗೆಯಿರಿ, ವಾಸನೆಯೇ ಹೇಳುತ್ತದೆ. ಸುಣ್ಣ ಇನ್ನೊಂದು ಮೋಸ ಮಾಡುತ್ತದೆ. ಕ್ಷಾರ ಏರಿದಾಗ ಕೊಳೆಯುವುದು ಒಂದೆರಡು ದಿನ ನಿಲ್ಲುತ್ತದೆ, ಕಾರ್ಖಾನೆಯ ಗೇಟಿನ ಹತ್ತಿರ ವಾಸನೆ ಇರುವುದಿಲ್ಲ. ಹಳ್ಳದಲ್ಲಿ ಹರಿಯುತ್ತಾ ಗಾಳಿಯ ಇಂಗಾಲಾಮ್ಲ ಸೇರಿ ಆ ಕ್ಷಾರ ಇಳಿದ ಮೇಲೆ, ಎರಡು ಮೂರು ಕಿಲೋಮೀಟರ್ ಕೆಳಗಿನ ಊರಿನ ಮುಂದೆ ನೀರು ಮತ್ತೆ ಕೊಳೆಯಲು ಶುರು. ದೂರು ಬರುವುದು ಆ ಊರಿನಿಂದ. ಬಂದು ನೋಡಿದವರಿಗೆ ಕಾರ್ಖಾನೆಯ ಬಾಗಿಲಲ್ಲಿ ತಪ್ಪು ಕಾಣುವುದಿಲ್ಲ.

ಲೆಕ್ಕ ನೋಡಿ. ಒಂದು ಟನ್ ಭತ್ತ ನೆನೆಸಲು ಹತ್ತಿರಹತ್ತಿರ ಸಾವಿರ ಲೀಟರ್ ನೀರು ಬೇಕು. ಅದರಲ್ಲಿ ಕಾಲು ಭಾಗದಷ್ಟನ್ನು ಭತ್ತ ಹೀರುತ್ತದೆ, ಮಿಕ್ಕಿದ್ದು ಹೊರಕ್ಕೆ. ಆ ನೀರಿನ ಬಿಒಡಿ, ಅಂದರೆ ಅದರಲ್ಲಿನ ಹೊಲಸನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಲು ಬೇಕಾಗುವ ಆಮ್ಲಜನಕ, ಲೀಟರಿಗೆ 1500 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳೋಣ. ಅಂದರೆ 10,000 ಲೀಟರಿನ ಒಂದು ಟ್ಯಾಂಕರ್ ನೀರು ಕೊಳೆಯುವಾಗ 15 ಕೆಜಿ ಆಮ್ಲಜನಕ ತಿನ್ನುತ್ತದೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂ ಮುಟ್ಟುವುದೂ ಕಷ್ಟ. ಒಂದು ಟ್ಯಾಂಕರ್ ನೀರು ಸುಮಾರು 19 ಲಕ್ಷ ಲೀಟರ್ ಕೆರೆ ನೀರಿನ ಉಸಿರು ತೆಗೆಯುತ್ತದೆ. ತುಂಗಭದ್ರೆ ತುಂಬಿ ಹರಿಯುವಾಗ ಇದು ಗೊತ್ತಾಗದೇ ಹೋಗಬಹುದು. ಬೇಸಿಗೆಯಲ್ಲಿ ಹರಿಹರದ ಬಳಿ ನದಿ ಬಂಡೆ ಕಾಣುವಷ್ಟು ಇಳಿದಾಗ, ಭದ್ರಾ ನಾಲೆಯ ಕೊನೆ ಭಾಗದ ಬಸಿಗಾಲುವೆಗಳಲ್ಲಿ, ವರ್ಷದ ಬಹುಪಾಲು ಒಣಗಿಯೇ ಇರುವ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಹಳ್ಳಗಳಲ್ಲಿ, ಬೆರೆಸಿಕೊಳ್ಳಲು ಬೇರೆ ನೀರೇ ಇರುವುದಿಲ್ಲ. ಅಲ್ಲಿ ಹರಿಯುವುದೆಲ್ಲಾ ಕಾರ್ಖಾನೆ ನೀರೇ. ಇಂಗಿದರೆ ಅಕ್ಕಪಕ್ಕದ ಬೋರ್‌ವೆಲ್‌ಗೆ.

ಕಾನೂನಿನಲ್ಲಿ ಕೊರತೆ ಇಲ್ಲ. 1974ರ ಜಲ ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ನಿಯಮಗಳು ಇವೆ. ಸಾಮಾನ್ಯ ಮಾನದಂಡದ ಪ್ರಕಾರ ಹಳ್ಳ, ನದಿ, ಕೆರೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಬಿಒಡಿ 30, ಸಿಒಡಿ (ಅದೇ ಹೊಲಸನ್ನು ರಾಸಾಯನಿಕದಿಂದ ಸುಟ್ಟು ಅಳೆದಾಗ ಬೇಕಾಗುವ ಆಮ್ಲಜನಕ) 250, ತೇಲುವ ಕಣ 100 ಮಿಲಿಗ್ರಾಂ ದಾಟಬಾರದು. ಜಮೀನಿಗೆ ಹಾಯಿಸುವುದಾದರೆ ಬಿಒಡಿ 100. ನಾಲ್ಕು ಸಾವಿರ ಸಿಒಡಿ ಇರುವ ನೀರನ್ನು 250ಕ್ಕೆ ಇಳಿಸುವ ಪಟಿಕ ಎಲ್ಲೂ ಸಿಗುವುದಿಲ್ಲ. ಸಿಗುವುದು ದಿನವೂ ಬೆಳೆಯುವ ಲೋಳೆಯ ಗುಡ್ಡ. ಅದನ್ನು ಒಣಗಿಸಲಾರದೆ ರಾತ್ರಿ ಟ್ರ್ಯಾಕ್ಟರಿನಲ್ಲಿ ಎಲ್ಲೋ ಸುರಿದು ಬರುವುದು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಹಳೆಯ ಗಿರಣಿ ಕಾರ್ಮಿಕರಿಗೆ ನೆನಪಿದೆ. ನಾವು ಹೇಳುತ್ತಿರುವ ವಿದ್ಯೆ ಹುಟ್ಟಿದ್ದೂ ಇಂಗ್ಲೆಂಡಿನ ಆ ಮ್ಯಾಂಚೆಸ್ಟರಿನಲ್ಲಿಯೇ. 1914ರಲ್ಲಿ ಅಲ್ಲಿನ ಡೇವಿಹ್ಯೂಮ್ ಶುದ್ಧೀಕರಣ ಘಟಕದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿದರು. ಹಾಗೆ ಊದುವುದು ಅದಕ್ಕೂ ಮೊದಲೇ ಗೊತ್ತಿತ್ತು, ನೀರು ತಿಳಿಯಾಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಇವರು ಮಾಡಿದ ಹೊಸ ಕೆಲಸ ಇಷ್ಟೇ: ತಳಕ್ಕೆ ಕುಳಿತ ಕಂದು ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಅದಕ್ಕೇ ಹೊಸ ನೀರು ಹಾಕಿದರು. ನಮ್ಮ ಮನೆಗಳಲ್ಲಿ ಮೊಸರಿನ ಹೆಪ್ಪು ಉಳಿಸುವ ಹಾಗೆ. ಸಲದಿಂದ ಸಲಕ್ಕೆ ಕೆಸರು ಹೆಚ್ಚಿತು, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಇವತ್ತಿಗೂ ಈ ಪದ್ಧತಿಯ ಪ್ರಾಣ ಆ ಹೆಪ್ಪಿನಲ್ಲಿದೆ. ಹೆಪ್ಪು ಕೆಟ್ಟರೆ ತೊಟ್ಟಿ, ಮೋಟರು, ಪೈಪು ಎಲ್ಲಾ ಇದ್ದೂ ಘಟಕ ಇಲ್ಲದ ಹಾಗೆಯೇ.

ಈಗ ಒಂದು ಗಿರಣಿಯ ಉದಾಹರಣೆ. ದಿನಕ್ಕೆ ಒಂದು ಲಕ್ಷ ಲೀಟರ್, ಅಂದರೆ 100 ಘನ ಮೀಟರ್ ನೀರು. ಸಿಒಡಿ 4000, ಬಿಒಡಿ 2000. ಒಟ್ಟು ಹೊರೆ ದಿನಕ್ಕೆ 400 ಕೆಜಿ ಸಿಒಡಿ. ಇದನ್ನು ನೇರವಾಗಿ ಗಾಳಿ ಊದುವ ತೊಟ್ಟಿಗೆ ಬಿಟ್ಟರೆ ಸುಮಾರು 670 ಘನ ಮೀಟರ್ ತೊಟ್ಟಿ ಬೇಕು. ದಿನಕ್ಕೆ 300 ಕೆಜಿ ಆಮ್ಲಜನಕ ಕರಗಿಸಬೇಕು, ಬ್ಲೋವರ್ ಒಂದೇ 250 ಯೂನಿಟ್ ಕರೆಂಟ್ ತಿನ್ನುತ್ತದೆ. ಮಾಲೀಕರು ಹೆದರುವುದು ಈ ಬಿಲ್ಲಿಗೆ. ಹೆದರಿ ರಾತ್ರಿ ಹೊತ್ತು ಬ್ಲೋವರ್ ಆರಿಸುತ್ತಾರೆ.

ಆದ್ದರಿಂದ ಮೊದಲು ಗಾಳಿ ತಾಕದ ತೊಟ್ಟಿ, ಆಮೇಲೆ ಗಾಳಿಯ ತೊಟ್ಟಿ. ಯುಎಎಸ್‌ಬಿ ಎಂಬ ಗಾಳಿ ತಾಕದ ರಿಯಾಕ್ಟರ್ ನಮ್ಮ ಗೋಬರ್ ಗ್ಯಾಸ್ ಗುಂಡಿಯ ಜಾತಿಯದೇ. ನೀರು ತಳದಿಂದ ಮೇಲಕ್ಕೆ ನಿಧಾನವಾಗಿ ಏರುತ್ತಾ ಕೆಸರಿನ ಹಾಸನ್ನು ಹಾದು ಬರುತ್ತದೆ, ಮೇಲ್ಭಾಗದಲ್ಲಿ ಗ್ಯಾಸು, ನೀರು, ಕೆಸರು ಬೇರೆಯಾಗುತ್ತವೆ. ಒಂದು ಘನ ಮೀಟರಿಗೆ ದಿನಕ್ಕೆ 4 ಕೆಜಿ ಸಿಒಡಿಯಂತೆ ಹಿಡಿದರೆ 100 ಘನ ಮೀಟರ್ ಸಾಕು: 20 ಚದರ ಮೀಟರ್ ತಳ, 5 ಮೀಟರ್ ಎತ್ತರ. ಚೆನ್ನಾಗಿ ನಡೆದರೆ ನೂರಕ್ಕೆ 80 ಪಾಲು ಸಿಒಡಿ ಇಲ್ಲೇ ಕಳೆಯುತ್ತದೆ. ಉಳಿದದ್ದಕ್ಕೆ 135 ಘನ ಮೀಟರಿನ ಗಾಳಿ ತೊಟ್ಟಿ, 60 ಕೆಜಿ ಆಮ್ಲಜನಕ, ದಿನಕ್ಕೆ 50 ಯೂನಿಟ್ ಆಸುಪಾಸು ಕರೆಂಟ್. ಹೊರತೆಗೆಯಬೇಕಾದ ಕೆಸರೂ ಅರ್ಧಕ್ಕೆ ಇಳಿಯುತ್ತದೆ. ಕಳೆದ ಪ್ರತಿ ಕೆಜಿ ಸಿಒಡಿಯಿಂದ ಲೆಕ್ಕದ ಪ್ರಕಾರ 0.35 ಘನ ಮೀಟರ್ ಮೀಥೇನ್ ಹುಟ್ಟಬೇಕು, 0.3 ಸಿಕ್ಕಿತು ಎಂದುಕೊಂಡರೂ ದಿನಕ್ಕೆ 96 ಘನ ಮೀಟರ್. ಮನೆ ಬಳಕೆಯ 14.2 ಕೆಜಿಯ ಐದು ಸಿಲಿಂಡರಿನಷ್ಟು ಶಾಖ. ಹೊಟ್ಟು ಉರಿಸುವ ಬಾಯ್ಲರಿಗೆ ಇದನ್ನೂ ಸೇರಿಸಬಹುದು. ಮೊದಲು ಕಬ್ಬಿಣದ ಚೂರು ತುಂಬಿದ ಕೊಳವೆಯಲ್ಲಿ ಹಾಯಿಸಿ ಗಂಧಕದ ಅನಿಲ ತೆಗೆಯಬೇಕು, ಇಲ್ಲದಿದ್ದರೆ ಬರ್ನರ್ ತಿಂದುಹೋಗುತ್ತದೆ.

ಈ ಎರಡು ತೊಟ್ಟಿಗೂ ಮುಂಚೆ ಮೂರು ಸಣ್ಣ ಕೆಲಸಗಳಿವೆ, ಇವನ್ನು ಬಿಟ್ಟವರೇ ಹೆಚ್ಚು. ಹೊಟ್ಟು, ನುಚ್ಚು ತಡೆಯಲು 1 ಮಿಲಿಮೀಟರ್ ಜಾಲರಿ; ಇಲ್ಲದಿದ್ದರೆ ಯುಎಎಸ್‌ಬಿ ತಳದ ಕೊಳವೆಗಳು ತಿಂಗಳೊಳಗೆ ಕಟ್ಟಿಕೊಳ್ಳುತ್ತವೆ. ಕನಿಷ್ಠ 12ರಿಂದ 24 ಗಂಟೆಯ ನೀರು ಹಿಡಿಯುವ ಸಮತೋಲನ ತೊಟ್ಟಿ. ನೆನೆಸಿದ ನೀರನ್ನು ಗಿರಣಿ ಒಮ್ಮೆಲೇ ಬಿಡುತ್ತದೆ, ಬ್ಯಾಕ್ಟೀರಿಯಾ ದಿನವಿಡೀ ಸ್ವಲ್ಪಸ್ವಲ್ಪ ಉಣ್ಣುತ್ತದೆ. ಮೂರನೆಯದು ಹುಳಿ ಇಳಿಸುವುದು. ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆದ ಭತ್ತದ ನೀರಿನ ಪಿಎಚ್ 4–5ಕ್ಕೆ ಇಳಿದಿರುತ್ತದೆ, ಮೀಥೇನ್ ಮಾಡುವ ಜೀವಿಗಳಿಗೆ 6.8ರಿಂದ 7.4 ಬೇಕು. ಇದಕ್ಕೂ ಸುಣ್ಣ ಸುರಿದರೆ ರಿಯಾಕ್ಟರ್ ಒಳಗೆ ಗಾರೆಯ ಹಾಗೆ ಕಟ್ಟುತ್ತದೆ. ಯುಎಎಸ್‌ಬಿಯಿಂದ ಹೊರಬಂದ ನೀರಿನಲ್ಲಿಯೇ ಬೇಕಾದಷ್ಟು ಕ್ಷಾರ ಇರುತ್ತದೆ, ಒಂದಕ್ಕೆ ಒಂದು ಪಾಲು ಹಿಂದಕ್ಕೆ ತಂದು ಬೆರೆಸಿ, ಸಾಲದ್ದಕ್ಕೆ ಮಾತ್ರ ಸೋಡಾ ಬೈಕಾರ್ಬನೇಟ್ ಹಾಕಿ. ಅದಕ್ಕಿಂತ ಒಳ್ಳೆಯದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಲಿಸಿಕೊಟ್ಟ ಬಿಸಿನೀರಿನ ಕ್ರಮ: 65–70 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ನೆನೆಸಿದರೆ ನೀರು ಹುಳಿಯಾಗಲು ಸಮಯವೇ ಸಿಗುವುದಿಲ್ಲ, ಅಕ್ಕಿಗೂ ಕಮಟು ವಾಸನೆ ಹತ್ತುವುದಿಲ್ಲ. ಆ ನೀರು ಆರಿದ ಮೇಲೆಯೇ ರಿಯಾಕ್ಟರಿಗೆ ಹೋಗಬೇಕು, 40 ಡಿಗ್ರಿ ದಾಟಬಾರದು.

ಶುರು ಮಾಡುವಾಗ ಆಗುವ ತಪ್ಪು ಎಲ್ಲಾ ಕಡೆ ಒಂದೇ. ಒಂದು ಟ್ರ್ಯಾಕ್ಟರ್ ಸಗಣಿ, ಎರಡು ಪಿಂಡಿ ಬೆಲ್ಲ ಹಾಕಿ, ವಾರದೊಳಗೆ ಪೂರ್ತಿ ನೀರು ಬಿಡುವುದು. ಸಗಣಿ ಕೆಟ್ಟದ್ದಲ್ಲ, ಆದರೆ ಸೋಸದೆ ಹಾಕಿದರೆ ನಾರು ತಳದಲ್ಲಿ ಕೂತು ಜಾಗ ತಿನ್ನುತ್ತದೆ. ನಡೆಯುತ್ತಿರುವ ಇನ್ನೊಂದು ಘಟಕದ ಕೆಸರು ತಂದು ಹಾಕುವುದು ಮೇಲು. ಮೊದಲು ಘನ ಮೀಟರಿಗೆ ದಿನಕ್ಕೆ 0.5ರಿಂದ 1 ಕೆಜಿ ಸಿಒಡಿ ಮಾತ್ರ ಕೊಡಿ. ಹೊರಬರುವ ನೀರಿನಲ್ಲಿ ಹುಳಿ ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ 0.3ರ ಒಳಗೆ ಇದ್ದರೆ ಹೊರೆ ಏರಿಸಿ, 0.4 ದಾಟಿದರೆ ಅವತ್ತೇ ಇಳಿಸಿ. ಪಿಎಚ್ ಬೀಳುವವರೆಗೆ ಕಾದರೆ ತಡವಾಯಿತು ಎಂದೇ ಅರ್ಥ. ಪೂರ್ತಿ ಹೊರೆಗೆ ಬರಲು ಮೂರು ನಾಲ್ಕು ತಿಂಗಳು ಬೇಕು, ಯಾವ ಗುತ್ತಿಗೆದಾರ ಹದಿನೈದು ದಿನ ಎಂದರೂ ನಂಬಬೇಡಿ. ಚೀಲದಲ್ಲಿ ಬರುವ ‘ಬ್ಯಾಕ್ಟೀರಿಯಾ ಪುಡಿ’ಯನ್ನೂ ನಂಬಿ ಕೂರಬೇಡಿ. ಗಾಳಿ, ಆಹಾರ, ಹದ ಸರಿಯಿದ್ದರೆ ಬೇಕಾದ ಜೀವಿಗಳು ತಾವಾಗಿ ಬೆಳೆಯುತ್ತವೆ. ಸರಿಯಿಲ್ಲದಿದ್ದರೆ ಪುಡಿಯಲ್ಲಿದ್ದವೂ ಸಾಯುತ್ತವೆ.

ಗಾಳಿಯ ತೊಟ್ಟಿಗೆ ಗೊಬ್ಬರವೂ ಬೇಕು ಎಂದರೆ ಕೆಲವರಿಗೆ ಆಶ್ಚರ್ಯ. ಪಿಷ್ಟದ ನೀರಿನಲ್ಲಿ ಸಾರಜನಕ, ರಂಜಕ ಕಡಿಮೆ. 100 ಕೆಜಿ ಬಿಒಡಿಗೆ 5 ಕೆಜಿ ಸಾರಜನಕ, 1 ಕೆಜಿ ರಂಜಕ ಬೇಕು. ಗೊಬ್ಬರದಂಗಡಿಯ ಲೆಕ್ಕದಲ್ಲಿ 5 ಕೆಜಿ ಡಿಎಪಿ, 9 ಕೆಜಿ ಯೂರಿಯಾ. ನೀರಿನಲ್ಲಿ ಮೊದಲೇ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ ಅಷ್ಟನ್ನು ಕಳೆಯಿರಿ, ಕರಗಿಸಿ ದಿನವಿಡೀ ಹನಿಹನಿಯಾಗಿ ಬಿಡಿ. ಒಂದೇ ಸಲ ಸುರಿದರೆ ಅಮೋನಿಯಾ ಆಗಿ ಹಳ್ಳಕ್ಕೆ ಹೋಗುತ್ತದೆ.

ಗೊಬ್ಬರ ಕಡಿಮೆಯಾದರೆ, ಇಲ್ಲವೇ ಕರಗಿದ ಆಮ್ಲಜನಕ 1.5–2 ಮಿಲಿಗ್ರಾಂಗಿಂತ ಕೆಳಗೇ ಇದ್ದರೆ, ಕೆಸರಿನಲ್ಲಿ ದಾರದಂಥ ಜೀವಿಗಳು ಹೆಚ್ಚುತ್ತವೆ. ಕೆಸರು ಹತ್ತಿಯ ಹಾಗೆ ಉಬ್ಬಿ, ಕೂರದೆ, ಗಾಳಿ ತೊಟ್ಟಿಯ ನಂತರ ಕೆಸರು ಕೂರಿಸಿ ನೀರು ತಿಳಿಮಾಡುವ ತೊಟ್ಟಿಯ ಅಂಚು ದಾಟಿ ಹೊರಗೆ ಹೋಗುತ್ತದೆ. ಈ ಭಾಗದ ಪಿಷ್ಟದ ನೀರಿಗೆ ಬರುವ ದೊಡ್ಡ ರೋಗ ಇದೇ. ಇದನ್ನು ಹಿಡಿಯಲು ಪ್ರಯೋಗಾಲಯ ಬೇಡ, ಒಂದು ಲೀಟರಿನ ಗಾಜಿನ ಅಳತೆ ಕೊಳವೆ ಸಾಕು. ಗಾಳಿ ತೊಟ್ಟಿಯ ನೀರು ತುಂಬಿ ಅಲುಗಾಡಿಸದೆ ಅರ್ಧ ಗಂಟೆ ಬಿಡಿ. ಕೆಸರು 250ರಿಂದ 400 ಮಿಲಿಲೀಟರಿಗೆ ಇಳಿದು ಮೇಲೆ ತಿಳಿನೀರು ನಿಂತರೆ ಆರೋಗ್ಯ ಚೆನ್ನಾಗಿದೆ. 700ರ ಮೇಲೆಯೇ ನಿಂತರೆ ತಕ್ಷಣ ರೋಗ ಅನ್ನಬೇಡಿ. ಅದೇ ನೀರಿಗೆ ಅಷ್ಟೇ ತಿಳಿನೀರು ಬೆರೆಸಿ ಮತ್ತೆ ನೋಡಿ. ಈಗ 200–250ಕ್ಕೆ ಇಳಿದರೆ ಕೆಸರು ಜಾಸ್ತಿಯಾಗಿದೆ ಅಷ್ಟೇ, ಹೊರತೆಗೆದು ಮರಳಿನ ಹಾಸಿನ ಮೇಲೆ ಒಣಗಿಸಿ. ಬೆರೆಸಿದರೂ ಕೂರದಿದ್ದರೆ ಉಬ್ಬರವೇ. ಮೊದಲು ಗೊಬ್ಬರ ಮತ್ತು ಗಾಳಿ ಸರಿಮಾಡಿ. ಬಗ್ಗದಿದ್ದರೆ ಹಿಂದಕ್ಕೆ ಬರುವ ಕೆಸರಿನ ಪೈಪಿನಲ್ಲಿ ಪ್ರತಿ 1000 ಕೆಜಿ ಕೆಸರಿಗೆ (ಒಣ ತೂಕದಲ್ಲಿ) ದಿನಕ್ಕೆ 2–3 ಕೆಜಿ ಕ್ಲೋರಿನ್ ಲೆಕ್ಕದಲ್ಲಿ ಕೆಲವು ದಿನ. ಕೂತ ಕೆಸರು ಒಂದೆರಡು ಗಂಟೆಯ ನಂತರ ಗುಳ್ಳೆ ಕಟ್ಟಿ ಉಂಡೆಯುಂಡೆಯಾಗಿ ಮೇಲೆದ್ದರೆ ಅದು ಬೇರೆ: ನೈಟ್ರೇಟ್ ಗ್ಯಾಸಾಗುತ್ತಿದೆ, ಕೆಸರನ್ನು ತಳದಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡಿ, ಬೇಗ ಹಿಂದಕ್ಕೆ ಎಳೆಯಿರಿ. ಆರೋಗ್ಯದ ಕೆಸರು ಕಂದು ಬಣ್ಣಕ್ಕಿದ್ದು ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ ಬರುತ್ತದೆ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ರಾತ್ರಿ ಬ್ಲೋವರ್ ಆರಿತ್ತು ಎಂದೇ ತಿಳಿಯಿರಿ. ಕರೆಂಟ್ ಹೋದಾಗ ಕಾರ್ಖಾನೆಗೆ ಜನರೇಟರ್ ಓಡುತ್ತದೆ, ಬ್ಲೋವರಿಗೆ ಲೈನು ಕೊಟ್ಟಿರುವುದಿಲ್ಲ. ಇದೊಂದನ್ನು ಸರಿಪಡಿಸಿದರೆ ಎಷ್ಟೋ ಘಟಕಗಳು ಬದುಕುತ್ತವೆ.

ಗಿರಣಿಗೆ ಬಿಡುವಿನ ತಿಂಗಳುಗಳಿರುತ್ತವಲ್ಲ ಎಂದು ಮಾಲೀಕರು ಕೇಳುತ್ತಾರೆ. ಯುಎಎಸ್‌ಬಿಯ ಕೆಸರು ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ, ಮತ್ತೆ ಉಣಿಸಿದರೆ ಏಳುತ್ತದೆ. ಗಾಳಿ ತೊಟ್ಟಿಯದು ತಡೆಯುವುದಿಲ್ಲ. ದಿನಕ್ಕೆ ಒಂದಿಷ್ಟು ಗಂಟೆ ಬ್ಲೋವರ್, ಒಂದಿಷ್ಟು ಬೆಲ್ಲದ ನೀರು ಕೊಟ್ಟು ಉಳಿಸಿಕೊಳ್ಳಬೇಕು. ಒಂದು ಕೆಜಿ ಬೆಲ್ಲ ಸುಮಾರು ಒಂದು ಕೆಜಿ ಸಿಒಡಿ ಎಂದು ಲೆಕ್ಕ ಹಿಡಿಯಿರಿ.

ಮಂಡಕ್ಕಿ ಭಟ್ಟಿಗಳಿಗೆ ಇದೆಲ್ಲಾ ಹೇಳಿ ಪ್ರಯೋಜನವಿಲ್ಲ ಎಂದು ನಮಗೂ ಗೊತ್ತು. ದಿನಕ್ಕೆ ಎರಡು ಮೂರು ಸಾವಿರ ಲೀಟರ್ ನೀರು ಬಿಡುವ ಸಂಸಾರಕ್ಕೆ ಬ್ಲೋವರ್, ಆಪರೇಟರ್ ಎಲ್ಲಿಂದ ಬರಬೇಕು? ಅವರ ಮೇಲೆ ನೋಟಿಸ್ ಹಾಕುವುದು ನ್ಯಾಯವಲ್ಲ. ಊರಿಗೆ ಹೆಸರು ತಂದ ಕಸುಬು ಅದು. 40 ಭಟ್ಟಿಗಳಿಂದ ತಲಾ 3000 ಲೀಟರ್ ಎಂದರೂ 120 ಘನ ಮೀಟರ್ ಆಗುತ್ತದೆ, ಮೇಲೆ ಹೇಳಿದ ಗಿರಣಿಯ ಅಳತೆಯ ಒಂದು ಸಾಮೂಹಿಕ ಘಟಕ ಸಾಕು. ಜಾಗವನ್ನು ಪಾಲಿಕೆ ಕೊಡಲಿ, ಕಟ್ಟುವ ಖರ್ಚಿನ ದೊಡ್ಡ ಪಾಲು ಸರ್ಕಾರದ್ದಾಗಲಿ, ನಡೆಸುವ ಖರ್ಚು ಚೀಲದ ಲೆಕ್ಕದಲ್ಲಿ ಭಟ್ಟಿಗಳದ್ದಾಗಲಿ. ಒಂದು ಎಚ್ಚರಿಕೆ: ಅಕ್ಕಿಗೆ ಹಾಕುವ ಉಪ್ಪುನೀರು ಈ ಚರಂಡಿಗೆ ಸೇರಬಾರದು. ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ.

ಬ್ಯಾಕ್ಟೀರಿಯಾ ಮಾಡದ ಕೆಲಸ ಇನ್ನೂ ಇವೆ. ಡಿಸ್ಟಿಲರಿಯಲ್ಲಿ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ನೀರಿನಿಂದ (ಸ್ಪೆಂಟ್‌ವಾಶ್) ಗ್ಯಾಸ್ ಬರುತ್ತದೆ, ಆದರೆ ಆ ಕಡುಕಂದು ಬಣ್ಣ ಹಾಗೆಯೇ ಉಳಿಯುತ್ತದೆ. ಲೋಹದ ಲೇಪನ ಮಾಡುವ ಶೆಡ್ಡುಗಳ ಕ್ರೋಮಿಯಂ ನೀರು ಒಂದು ಬಕೆಟ್ ಸೇರಿದರೂ ಹೆಪ್ಪಿಗೆ ಕುತ್ತು, ಅದಕ್ಕೆ ರಾಸಾಯನಿಕ ಕ್ರಮವೇ ಸರಿ. ಮೊಳಕಾಲ್ಮೂರಿನ ರೇಷ್ಮೆಯದು ನಡುವಿನ ಕಥೆ. ಕಚ್ಚಾ ರೇಷ್ಮೆಯ ತೂಕದಲ್ಲಿ ನೂರಕ್ಕೆ 20ರಿಂದ 25 ಪಾಲು ಸೆರಿಸಿನ್ ಎಂಬ ಅಂಟು, ಸೋಪು–ಸೋಡಾದಲ್ಲಿ ಕುದಿಸಿದಾಗ ಅದೆಲ್ಲಾ ನೀರಿಗೆ ಇಳಿಯುತ್ತದೆ. ಅದು ಪ್ರೋಟೀನು, ಬ್ಯಾಕ್ಟೀರಿಯಾಗೆ ಹಬ್ಬದೂಟ. ಬಣ್ಣದ ನೀರು ಹಾಗಲ್ಲ. ಅಜೋ ಎಂಬ ಜಾತಿಯ ಕೃತಕ ಬಣ್ಣಗಳು ಗಾಳಿಯಿಲ್ಲದ ತೊಟ್ಟಿಯಲ್ಲಿ ಒಡೆದು ಬಣ್ಣ ಹೋಗುತ್ತದೆ, ಆದರೆ ಆಗ ಹುಟ್ಟುವ ಅಮೈನುಗಳು ಬಣ್ಣಕ್ಕಿಂತ ಕೆಟ್ಟವು. ಅವನ್ನು ಮುಗಿಸಲು ಹಿಂದೆಯೇ ಗಾಳಿಯ ತೊಟ್ಟಿ ಇರಲೇಬೇಕು. ಬಣ್ಣ ಹೋಯಿತು ಎಂದು ಮೊದಲ ತೊಟ್ಟಿಯಿಂದಲೇ ನೀರು ಹೊರಬಿಟ್ಟರೆ ಕಣ್ಣಿಗೆ ಮಾತ್ರ ಶುದ್ಧ.

ಅಧಿಕಾರಿಗಳೇ, ತಪಾಸಣೆಗೆ ಬಂದಾಗ ಒಂದು ಬಾಟಲಿ ನೀರು ಹಿಡಿದು ಹೊರಡಬೇಡಿ. ಘಟಕಕ್ಕೆ ಪ್ರತ್ಯೇಕ ಕರೆಂಟ್ ಮೀಟರ್ ಕಡ್ಡಾಯ ಮಾಡಿ. 50 ಯೂನಿಟ್ ಓಡಬೇಕಾದ ಕಡೆ 12 ಓಡಿದ್ದರೆ ಬೇರೆ ಸಾಕ್ಷಿ ಬೇಡ. ಒಳಬರುವ ನೀರಿನ ಮೀಟರ್, ಹೊರಹೋಗುವ ನೀರಿನ ಮೀಟರ್ ಎರಡನ್ನೂ ಓದಿ. ನಿಮ್ಮ ಕಣ್ಣೆದುರೇ ಅಳತೆ ಕೊಳವೆಯ ಪರೀಕ್ಷೆ ಮಾಡಿಸಿ, ಆ ಅರ್ಧ ಗಂಟೆಯಲ್ಲಿ ಬೈಪಾಸ್ ಪೈಪು ಎಲ್ಲಿದೆ ನೋಡಿ ಬನ್ನಿ. ಮಾದರಿಯನ್ನು 24 ಗಂಟೆಯ ಉದ್ದಕ್ಕೂ ಸ್ವಲ್ಪಸ್ವಲ್ಪ ತೆಗೆದು ಕೂಡಿಸಿ. ಜೊತೆಗೆ, ಹೊಸ ಘಟಕ ಶುರುಮಾಡುವವರಿಗೆ 120 ದಿನ ಕಾಲ ಕೊಡಿ: ವಾರವಾರ ಎಷ್ಟು ಹೊರೆ ಏರಿಸುತ್ತಾರೆ ಎಂದು ಬರೆದುಕೊಡಲಿ, ಅದರಂತೆ ನಡೆದವರಿಗೆ ಆ ಅವಧಿಯಲ್ಲಿ ದಂಡ ಬೇಡ. ಈಗಿರುವ ಭಯದಲ್ಲಿ ಮಾಲೀಕರು ಮೊದಲ ದಿನದಿಂದಲೇ ಪೂರ್ತಿ ನೀರು ಬಿಟ್ಟು ಹೆಪ್ಪನ್ನು ಕೊಲ್ಲುತ್ತಾರೆ, ಆಮೇಲೆ ‘ಬಯಾಲಜಿ ನಮ್ಮ ನೀರಿಗೆ ಆಗುವುದಿಲ್ಲ’ ಅನ್ನುತ್ತಾರೆ. ಆಪರೇಟರುಗಳನ್ನು ತಯಾರು ಮಾಡಲು ದಾವಣಗೆರೆಯ ಯುಬಿಡಿಟಿ, ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳೂ ಐಟಿಐಗಳೂ ಇಲ್ಲೇ ಇವೆ, ಆರು ವಾರದ ತರಬೇತಿ ಸಾಕು. ಇವತ್ತು ಈ ಕೆಲಸವನ್ನು ಬಹಳ ಕಡೆ ವಾಚ್‌ಮನ್‌ಗೆ ಹೆಚ್ಚುವರಿಯಾಗಿ ಹಚ್ಚಿದ್ದಾರೆ.

ಆ ತರಬೇತಿಯ ಮೊದಲ ಪಾಠ ಜೀವ ಉಳಿಸುವುದಾಗಿರಲಿ. ಸಮತೋಲನ ತೊಟ್ಟಿ, ಕೆಸರಿನ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗು ಸತ್ತು ವಾಸನೆಯೇ ತಿಳಿಯುವುದಿಲ್ಲ, ಒಂದೆರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಅನಿಲ ಅಳೆಯುವ ಮೀಟರ್, ಗಾಳಿ ಊದುವ ಫ್ಯಾನು, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಇಲ್ಲದೆ ಯಾರನ್ನೂ ಇಳಿಸಕೂಡದು ಎಂಬ ಫಲಕ ಪ್ರತಿ ತೊಟ್ಟಿಯ ಮೇಲೂ ಕನ್ನಡದಲ್ಲಿ ಇರಬೇಕು, ಬೇರೆ ರಾಜ್ಯದ ಕೆಲಸಗಾರರಿದ್ದರೆ ಅವರ ಭಾಷೆಯಲ್ಲೂ.

ಮುಂಗಾರಿನ ಭತ್ತ ಕೊಯ್ಲಾಗಿ ಗಿರಣಿ ಸೇರುವುದು ನವೆಂಬರ್–ಡಿಸೆಂಬರಿನಲ್ಲಿ. ಹೆಪ್ಪು ಬೆಳೆಯಲು ಮೂರು ನಾಲ್ಕು ತಿಂಗಳು ಬೇಕು. ಆದ್ದರಿಂದ ಅನುಮತಿ ನವೀಕರಣದ ಆದೇಶಗಳಲ್ಲಿ ಈ ಷರತ್ತುಗಳು ಜುಲೈ ಒಳಗೆ ಸೇರಬೇಕು, ಆಗಸ್ಟಿನಲ್ಲಿ ತೊಟ್ಟಿಗೆ ಕೆಸರು ಬೀಳಬೇಕು. ಕೆಸರು ಎಲ್ಲಿಂದ ತರಬೇಕು, ಯಾರ ನೀರಿಗೆ ಯಾವ ಅಳತೆ ಎಂದು ಕೂತು ಲೆಕ್ಕ ಹಾಕಿಕೊಡಲು ನಾವು ಸಿದ್ಧ. ಗಿರಣಿಯವರ, ಭಟ್ಟಿಯವರ ಮತ್ತು ನಾಲೆಯ ಕೊನೆ ಭಾಗದ ರೈತರ ಸಭೆಯನ್ನು ಜಿಲ್ಲಾಧಿಕಾರಿಗಳು ಒಟ್ಟಿಗೇ ಕರೆಯಲಿ.

ಇತಿ,
ಕಾರ್ಖಾನೆ ನೀರಿನ ಸಂಸ್ಕರಣೆಯಲ್ಲಿ ಕೆಲಸ ಮಾಡುವವರು
ದಾವಣಗೆರೆ ಮತ್ತು ಚಿತ್ರದುರ್ಗ